ಸ್ವರ ಇಳಿಯುವ ಜಾಗ

ಆ ಜಾಗ ಬರುವ ಮೊದಲೇ ಕಾಶಿನಾಥನ ಎಡಭುಜ ತುಸು ಮೇಲೇಳುತ್ತಿತ್ತು, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವರದು ಏಳುವಂತೆ. 'ಬಾರದವನ ದಾರಿ ಕಾಯ್ದು' ಎನ್ನುವತನಕ ಕ್ಯಾಸೆಟ್ಟಿನಲ್ಲಿ ಹುಲಿಗವ್ವನ ದನಿಗೆ ಯಾರ ಹಂಗೂ ಇರಲಿಲ್ಲ. ಮುಂದಿನ 'ದೀಪ' ಎಂಬ ಮಾತಿಗೆ ಅದು ಮೇಲಿನ ಷಡ್ಜವನ್ನು ಮುಟ್ಟಬೇಕು, ಮುಟ್ಟುತ್ತಿರಲಿಲ್ಲ. ಕೂದಲೆಳೆಯಷ್ಟು ಕೆಳಗೆ ನಿಂತುಬಿಡುತ್ತಿತ್ತು. ಹಿಂದಿನ ಹಾರ್ಮೋನಿಯಂ ಮಾತ್ರ ತಾನಿರಬೇಕಾದ ಕಡೆಯೇ ಇರುತ್ತಿತ್ತು. ಎರಡರ ನಡುವಿನ ಆ ಸಂದಿನಲ್ಲಿ ಸಣ್ಣದೊಂದು ನಡುಕ ಹುಟ್ಟಿ ಕೋಣೆಯ ಗಾಳಿ ಜುಮ್ಮೆನ್ನುತ್ತಿತ್ತು. ಸರ್ವಿಸ್ ಪೂರ್ತಿ ಕೊಪ್ಪಳದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದ ಕಾಶಿನಾಥನಿಗೆ ಆ ನಡುಕದ ಹೆಸರು, ಅದರ ಸೂತ್ರ, ಪರೀಕ್ಷೆಯಲ್ಲಿ ಅದಕ್ಕೆ ಸಿಗುವ ಅಂಕ ಎಲ್ಲವೂ ಗೊತ್ತಿದ್ದವು. ಗೊತ್ತಿಲ್ಲದ್ದು ಒಂದೇ: ಇವತ್ತು ಯಲಬುರ್ಗಾದಲ್ಲಿ, ಹಾಡಿದವಳೇ ಎದುರು ಕೂತು ಅದನ್ನು ಕೇಳಿಸಿಕೊಂಡಾಗ ತಾನು ಎತ್ತ ನೋಡಬೇಕು ಎಂಬುದು.

ಹುಲಿಗವ್ವನ ಸ್ಪೀಕರ್ ಪೆಟ್ಟಿಗೆಗಳೆರಡೂ ಎದುರಿಗೆ ನಿಂತಿದ್ದವು, ಎಣ್ಣೆ ಹಚ್ಚಿ ಎರೆದು ಕೂಡಿಸಿದ ಮುದುಕರ ಹಾಗೆ. ಕಾರು ಕೊಳ್ಳುವ ಆಸೆಯಿದ್ದಾಗ ಕಟ್ಟಿಸಿದ ಶೆಡ್ಡು ಅದು. ಕಾರು ಬರಲಿಲ್ಲ, ನಿವೃತ್ತಿ ಬಂತು. ಅದರ ಬೆನ್ನಿಗೆ ಊರೂರಿನ ಅಟ್ಟಗಳಿಂದ ಹಳೆಯ ಸ್ಪೀಕರ್ ಪೆಟ್ಟಿಗೆಗಳು ಇಳಿದು ಬಂದವು. ಗಂಗಾವತಿಯ ರೈಸ್‌ಮಿಲ್ಲಿನವರ ಮನೆಯದು, ಕುಷ್ಟಗಿಯ ಬಟ್ಟೆ ಅಂಗಡಿಯದು, ಒಂದು ಕಾಲಕ್ಕೆ ಪಡಸಾಲೆಯಲ್ಲಿ ಮೆರೆದು ಆಮೇಲೆ ನೆತ್ತಿಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಹೊತ್ತು ನಿಂತಂಥವು. ಅವುಗಳ ಬೆನ್ನು ಬಿಚ್ಚಿ, ಇಲಿ ಒಯ್ದ ಹತ್ತಿಯ ಜಾಗಕ್ಕೆ ಹೊಸ ಹತ್ತಿ ತುಂಬಿ, ಕಾಗದದ ಬಟ್ಟಲಿನ ಸುತ್ತ ಉದುರಿಹೋದ ಅಂಚನ್ನು ಮತ್ತೆ ಅಂಟಿಸಿ, ಎದ್ದ ಸಾಗವಾನಿ ಪದರಕ್ಕೆ ಕಿನ್ನಾಳದವರು ಗೊಂಬೆಗೆ ಬಳಸುವ ಹುಣಸೆಬೀಜದ ಅಂಟು ತರಿಸಿ ಮೆತ್ತಿ, ಆಮೇಲೆ ದಿನಗಟ್ಟಲೆ ಎದುರು ಕೂತು ಕೇಳುವುದು ಅವನ ಕೆಲಸ. ಯಾರೂ ಒಪ್ಪಿಸಿದ ಕೆಲಸವಲ್ಲವಾದ್ದರಿಂದ ಅದರಲ್ಲಿ ಅವನು ಬಹಳ ಕಟ್ಟುನಿಟ್ಟು. ಊರಲ್ಲಿ ಅವನಿಗೆ 'ಕಿವಿ ಸರ್' ಎಂದು ಹೆಸರಿತ್ತು. ಹೊಗಳಿಕೆ ಎಂದೇ ಅವನು ತಿಳಿದುಕೊಂಡಿದ್ದ.

ಹುಲಿಗವ್ವ ಇವನ್ನು ತಂದ ದಿನ ಟಂಟಂನಿಂದ ತಾನೇ ಮೊದಲು ಇಳಿದು, ಇಳಿಸುವವರಿಗೆ ಅಲ್ಲಿ ಹಿಡಿ ಇಲ್ಲಿ ಹಿಡಿ ಎಂದು ಕೈಸನ್ನೆ ಮಾಡಿದ್ದಳು. ದನಿ ಮೂರು ಮಾರು ದೂರಕ್ಕೂ ಹೋಗುತ್ತಿರಲಿಲ್ಲ. ಒಣಗಿದ ಜೋಳದ ಸೋಗೆಯ ಮೇಲೆ ಯಾರೋ ನಡೆದ ಹಾಗೆ ಮಾತು. ನಾಟಕ ಕಂಪನಿಯ ನಾಯಕಿ ಪಾರ್ಟಿನ ಹುಲಿಗವ್ವ ಇವಳೇ ಎಂದು ನಂಬಲು ಅವನಿಗೆ ತುಸು ಹೊತ್ತು ಹಿಡಿದಿತ್ತು. ಕಂಪನಿ ಮುಚ್ಚಿದಾಗ ಮಾಲಕರು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರಂತೆ: ಯಾರಿಗೋ ಪರದೆ, ಯಾರಿಗೋ ಜನರೇಟರ್, ಇವಳಿಗೆ ಈ ಎರಡು ಪೆಟ್ಟಿಗೆ. "ಕರಕರ ಅಂತಾವ್ರಿ ಮಾಸ್ತರ. ಆ ಕರಕರ ಒಂದು ತಗದು ಕೊಡ್ರಿ, ಸಾಕು. ಬ್ಯಾರೆ ಏನೂ ಮುಟ್ಟಬ್ಯಾಡ್ರಿ," ಎಂದಿದ್ದಳು. ಒಂದನ್ನು ತೆಗೆದರೆ ಉಳಿದವು ಕಾಣಿಸತೊಡಗುತ್ತವೆ ಎಂದು ಇವನು ಕ್ಲಾಸಿನ ದನಿಯಲ್ಲಿ ವಿವರಿಸಿದ್ದಕ್ಕೆ, "ಹಂಗಂತನ ಡಾಕ್ಟರ ಗಂಟಲದಾಗಿನ ಗಡ್ಡಿ ತಗೀತೀನಂತ ಹ್ವಾದವ ದನೀನ ತಗದುಬಿಟ್ಟ" ಎಂದು ನಕ್ಕು, ಸೆರಗಿನ ಗಂಟಿನಿಂದ ಒಂದು ಕ್ಯಾಸೆಟ್ ಬಿಚ್ಚಿ ಕೊಟ್ಟಿದ್ದಳು. "ಇದನ್ನ ಹಾಕಿ ನೋಡ್ರಿ. ಇದರಾಗ ಛಲೋ ಕೇಳಬೇಕು. ಬ್ಯಾರೆ ಹಾಡು ಕೇಳಿದ್ರ ಎಷ್ಟು, ಬಿಟ್ರ ಎಷ್ಟು." ಈಗ ಉಳಿದ ದನಿ ಎಂದರೆ ಇದೊಂದೇ ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಕರಕರ ಎರಡೇ ದಿನದಲ್ಲಿ ಹೋಗಿತ್ತು. ಅಲ್ಲಿಗೆ ಬಿಡಬಹುದಿತ್ತು. ಆದರೆ ಕೇಳುತ್ತ ಕೂತಾಗ ಅವನಿಗೆ ತಲೆಯೊಳಗೆ ಏನೋ ಓರೆಯಾದಂತೆ ಅನ್ನಿಸಿತು. ದನಿ ಎಲ್ಲಿಂದ ಬರುತ್ತಿದೆ ಎಂದು ಬೆರಳು ಮಾಡಿ ತೋರಿಸಲು ಬರುತ್ತಿರಲಿಲ್ಲ. ಮೂಲೆಗಳಿಂದ, ಸೂರಿನಿಂದ, ತನ್ನದೇ ಬೆನ್ನಿನ ಹಿಂದಿನಿಂದ ಬರುತ್ತಿತ್ತು. ಎದ್ದು ಹೋಗಿ ಪೆಟ್ಟಿಗೆಗಳ ಬೆನ್ನಿನ ತಿರುಪುಗಳನ್ನು ನೋಡಿದ. ತಂತಿ ಸಿಕ್ಕಿಸುವ ಆ ತಿರುಪುಗಳಲ್ಲಿ ಒಂದು ಕೆಂಪು, ಒಂದು ಕಪ್ಪು ಇರಬೇಕು. ಎರಡೂ ಕೆಂಪಾಗಿದ್ದವು. ಉಗುರಿನಿಂದ ಕೆರೆದರೆ ಕುಂಕುಮ, ಅದರಡಿ ವಿಭೂತಿ, ಅದರಡಿ ಮತ್ತೆ ಕುಂಕುಮ. ಪ್ರತಿ ಮಹಾನವಮಿಗೆ ಕಟ್ಟಿಗೆಯ ಖಡ್ಗ, ಬೇಗಡೆಯ ಕಿರೀಟ, ಹಾರ್ಮೋನಿಯಂ, ಮೈಕು, ಎಲ್ಲಕ್ಕೂ ಪೂಜೆ ಮಾಡುತ್ತ ಬಂದ ಕಂಪನಿಯ ಭಕ್ತಿ ಅಲ್ಲಿ ಪದರ ಪದರವಾಗಿ ಕೂತಿತ್ತು. ಯಾವುದೋ ಊರಿನ ಕ್ಯಾಂಪಿನಲ್ಲಿ ಯಾರೋ ಒಂದು ಪೆಟ್ಟಿಗೆ ಬಿಚ್ಚಿ ಜೋಡಿಸುವಾಗ ಕೆಂಪು ಯಾವುದು ಎಂದು ನೋಡಿದ್ದಾನೆ, ಎರಡೂ ಕೆಂಪು, ದೇವರ ಮೇಲೆ ಭಾರ ಹಾಕಿ ಬಿಗಿದಿದ್ದಾನೆ. ಟಾರ್ಚಿನ ಸೆಲ್ಲು ತಾಗಿಸಿದಾಗ ಒಂದು ಪೆಟ್ಟಿಗೆಯ ಬಟ್ಟಲು ಮುಂದಕ್ಕೆ ಜಿಗಿಯಿತು, ಇನ್ನೊಂದರದು ಹಿಂದಕ್ಕೆ ಸರಿಯಿತು. ಅಂದರೆ ಇಷ್ಟು ವರ್ಷ ಇದು ತಳ್ಳಿದಾಗ ಅದು ಎಳೆದಿದೆ. ದಪ್ಪ ಸ್ವರಗಳೆಲ್ಲ ಒಂದನ್ನೊಂದು ತಿಂದು ಹಾಕಿವೆ. ಮೈನಸ್ ಇರಬೇಕಾದಲ್ಲಿ ಪ್ಲಸ್ ಬರೆದ ಹುಡುಗನ ಉತ್ತರಪತ್ರಿಕೆ ಸಿಕ್ಕಾಗಿನ ಹಳೆಯ ಸಂತೋಷ ಅವನ ಬೆರಳುಗಳಿಗೆ ಬಂದುಬಿಟ್ಟಿತು. ಬೆನ್ನು ಬಿಚ್ಚಿ ಸರಿಮಾಡಿದ. ಕುಂಕುಮವನ್ನೂ ಒರೆಸಿದ. ಹಾಡು ಹಾಕಿದಾಗ ಎರಡು ಪೆಟ್ಟಿಗೆಗಳ ನಟ್ಟನಡುವೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಅವಳ ಹಿಂದೆ, ತುಸು ಎಡಕ್ಕೆ ಎನ್ನುವಂತೆ, ಇಷ್ಟು ದಿನ ಎಲ್ಲಿದ್ದನೋ ಒಬ್ಬ ಹಾರ್ಮೋನಿಯಂನವನು ಬಂದು ಕೂತ. ಅವನು ಬಂದು ಕೂತದ್ದೇ, 'ದೀಪ' ಎಂಬಲ್ಲಿ ಅವಳು ಎಷ್ಟು ಕೆಳಗಿದ್ದಾಳೆ ಎಂಬುದು ಅಳತೆಗೋಲು ಹಿಡಿದಷ್ಟು ನಿಚ್ಚಳವಾಯಿತು.

ಅಲ್ಲಿಗಾದರೂ ಬಿಡಬಹುದಿತ್ತು. ಆದರೆ ಪೆಟ್ಟಿಗೆಯನ್ನು ಹದಕ್ಕೆ ತರಲು ಒಂದು ಗುರುತು ಬೇಕಲ್ಲ. ಆ ಜಾಗವನ್ನೇ ಗುರುತು ಮಾಡಿಕೊಂಡ. ಅವಳು ತಪ್ಪಿದ್ದು ಎಷ್ಟು ಸ್ಪಷ್ಟವಾಗಿ ಕೇಳುತ್ತದೋ ಅಷ್ಟು ಪೆಟ್ಟಿಗೆ ಸರಿಯಾಗಿದೆ ಎಂದು ಲೆಕ್ಕ. ಹತ್ತಿ ತುಸು ತೆಗೆದ, ತುಸು ಸೇರಿಸಿದ. ಗಾಳಿ ಹೊರಬರುವ ಕೊಳವೆಯನ್ನು ಬೆರಳಗಲ ಕುಯ್ದ. ಸಣ್ಣ ಸ್ಪೀಕರಿನ ದಾರಿಯಲ್ಲಿದ್ದ ಹಳೆಯ ಕೆಪಾಸಿಟರ್ ಕಿತ್ತು ಹೊಸದು ಹಾಕಿದ. ಪ್ರತಿ ಸಲವೂ ಆಕೆಯನ್ನು ಮತ್ತೆ ಆ ಮೆಟ್ಟಿಲಿಗೆ ಕರೆತಂದು ಮತ್ತೆ ಜಾರಿಸಿದ. ಕೊನೆಗೊಂದು ಸಂಜೆ ಅದು ಎಷ್ಟು ಚೆನ್ನಾಗಿ ಬಂತೆಂದರೆ, ಗೆಳೆಯ ಶರಣಕುಮಾರನಿಗೆ ಫೋನು ಮಾಡಿ ಕರೆಸಿದ. ಬ್ಯಾಂಕಿನಿಂದ ನಿವೃತ್ತನಾದ ಶರಣಕುಮಾರನಿಗೆ ಸಂಗೀತದಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ, ಆದರೆ ಕರೆದರೆ ಬರುವ ಆಸಕ್ತಿ ಇತ್ತು. "ಇಲ್ಲಿ ಕೇಳು, ಇಲ್ಲಿ, ಈಗ… ಹಾಂ!" ಎಂದು ಕಾಶಿನಾಥ ಚಿಟಿಕೆ ಹೊಡೆದ. ಎರಡನೆಯ ಸಲಕ್ಕೆ ಶರಣಕುಮಾರನಿಗೂ ಕೇಳಿಸಿತು. "ಅಯ್ಯ ಪಾಪ! ಮುದುಕಿ ಸಿಕ್ಕೊಂಡು ಬಿದ್ಲಲ್ಲೋ!" ಎಂದು ತೊಡೆ ತಟ್ಟಿ ನಕ್ಕ. ಇವನೂ ನಕ್ಕ. ನಗು ಇನ್ನೂ ಮುಖದ ಮೇಲಿರುವಾಗಲೇ ಬಾಗಿಲಲ್ಲಿ ಚುರುಮರಿ ತಟ್ಟೆ ಹಿಡಿದು ನಿಂತ ಹೆಂಡತಿ ಭವಾನಿ ಕಂಡಳು. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಹೋದಳು. ರಾತ್ರಿ ಬಡಿಸುವಾಗ, ಅವನು ಇನ್ನೊಂದು ರೊಟ್ಟಿ ಕೇಳಿದ್ದಕ್ಕೆ, "ತಪ್ಪು ಸಿಕ್ಕ ದಿನ ನಿಮಗ ಊಟ ಛಲೋ ಸೇರತೈತಿ" ಎಂದಳು. ಬೈಗುಳದ ದನಿಯಲ್ಲ. ಇವತ್ತು ಸೆಕೆ ಜಾಸ್ತಿ ಎನ್ನುವಂಥ ದನಿ.

ಆ ಮಾತು ಅವತ್ತಿನಿಂದ ಅವನ ಜೊತೆಗೇ ಓಡಾಡುತ್ತಿತ್ತು. ತಾನು ಯಾವಾಗಲಾದರೂ ತಪ್ಪನ್ನು ಹುಡುಕಿಕೊಂಡು ಹೋಗಿದ್ದೇನೆಯೇ? ತಪ್ಪುಗಳೇ ಬರುತ್ತಿದ್ದವು, ಬೆಳಕಿದ್ದಲ್ಲಿ ಹುಳ ಬರುವ ಹಾಗೆ. ಮಾವ ತೀರಿಕೊಂಡ ದಿನ ಅಂಗಳದಲ್ಲಿ ಭಜನೆ ನಡೆದಿತ್ತು, ಭವಾನಿ ಹೆಣದ ಕಾಲ ಬಳಿ ಕೂತಿದ್ದಳು. ಮೈಕಿನವನು ಕೂಗುಕೊಳವೆಯನ್ನು ಗೋಡೆಗೆ ಮುಖ ಮಾಡಿ ಕಟ್ಟಿದ್ದರಿಂದ ಒಂದೊಂದು ಮಾತೂ ಎರಡೆರಡು ಸಲ ಬರುತ್ತಿತ್ತು, ಸತ್ತವರು ಇಬ್ಬರೇನೋ ಎನ್ನುವಂತೆ. ಎದ್ದು ಹೋಗಿ ಅದನ್ನು ತಿರುಗಿಸಿ ಕಟ್ಟಿಸಿದ್ದ. ಸರಿಯಾಗಿಯೇ ಮಾಡಿದ್ದ. ವಾಪಸು ಬಂದಾಗ ಹೆಣ ಎತ್ತಿಯಾಗಿತ್ತು. ಭುಜ ಕೊಡಬೇಕಾದ ಅಳಿಯನನ್ನು ಹುಡುಕಿ ಹುಡುಕಿ ಕೊನೆಗೆ ಯಾರೋ ಅವನ ಜಾಗಕ್ಕೆ ನಿಂತಿದ್ದರು.

"ಸರ, ಕೌದಿ ಇನ್ನೊಂದು ಬೇಕೇನ್ರಿ?" ಎಂದು ಶೆಡ್ಡಿನ ಹೊರಗಿನಿಂದ ಓಬಳೆಪ್ಪ ಕೂಗಿದ. ಟಾಟಾ ಏಸ್ ಗಾಡಿ ಅವನದು; ಕಾಶಿನಾಥನ ಪೆಟ್ಟಿಗೆಗಳನ್ನು ಸಾಗಿಸುವುದು ಯಾವಾಗಲೂ ಅವನೇ. ಕೂಸು ಮಲಗಿಸುವ ಹಾಗೆ ಎರಡನ್ನೂ ಕೌದಿ ಸುತ್ತಿ ಮಲಗಿಸಿದರು. "ಒಳಗ ಏನೈತ್ರಿ ಸರ ಇಷ್ಟು ಭಾರ?" "ಗಾಳಿ," ಎಂದ ಕಾಶಿನಾಥ. "ಗಾಳಿಗೆ ಎಷ್ಟು ಚಂದ ಮನಿ ಕಟ್ಯಾರ ನೋಡ್ರಿ. ನಮಗ ಆಶ್ರಯ ಮನಿ ಪಟ್ಟಿಯಾಗ ಹೆಸರs ಬರವಲ್ದು." ಗಾಡಿ ಹೊರಟಿತು. ತಳಕಲ್ಲಿನ ಕಡೆ ತಿರುಗುವವರೆಗೆ ಓಬಳೆಪ್ಪ ಪಟ್ಟಿಯ ಕತೆ ಹೇಳಿದ. ಕಾಶಿನಾಥ ಹೂಂಗುಟ್ಟಿದ. ಎರಡೂ ಬದಿಗೆ ಕರಿ ಹೊಲ, ಕಡಲೆ ಕಿತ್ತು ಗುಡ್ಡೆ ಹಾಕಿದ್ದರು, ಗಾಳಿಯಂತ್ರಗಳ ರೆಕ್ಕೆಗಳು ಯಾರಿಗೂ ಅವಸರವಿಲ್ಲದಂತೆ ತಿರುಗುತ್ತಿದ್ದವು. ಅವನು ಲೆಕ್ಕ ಹಾಕುತ್ತಿದ್ದುದು ಒಂದೇ. ಮತ್ತೆ ಪೆಟ್ಟಿಗೆ ಬಿಚ್ಚಬೇಕಾಗಿಲ್ಲ. ಅವಳ ಮನೆಯಲ್ಲಿ ತಂತಿ ಜೋಡಿಸುವಾಗ ಒಂದು ಪೆಟ್ಟಿಗೆಗೆ ಕೆಂಪನ್ನು ಕಪ್ಪಿಗೆ, ಕಪ್ಪನ್ನು ಕೆಂಪಿಗೆ ಬಿಗಿದರೆ ಮುಗಿಯಿತು. ಹಾರ್ಮೋನಿಯಂನವನು ಎದ್ದು ಹೋಗುತ್ತಾನೆ, ಹುಲಿಗವ್ವ ಮೊದಲಿನಂತೆ ಮನೆ ತುಂಬ ಆಗುತ್ತಾಳೆ, ಕರಕರವೂ ಇರುವುದಿಲ್ಲ. ಅವಳು ಕೇಳಿದ್ದು ಅಷ್ಟೇ. ಯಾರಿಗೂ ತಿಳಿಯುವುದಿಲ್ಲ. ಆದರೆ ಬೇಕೆಂದೇ ತಪ್ಪು ಜೋಡಿಸಿ ಬರುವುದು ಎಂದರೆ, ಹುಡುಗ ಅಳುತ್ತಾನೆಂದು ತಪ್ಪು ಉತ್ತರಕ್ಕೆ ಅಂಕ ಹಾಕಿದ ಹಾಗಲ್ಲವೇ? ಹಾಗೆ ಹಾಕಿದ ಮಾಸ್ತರರನ್ನು ಅವನು ಜೀವಮಾನವೆಲ್ಲ ಆಡಿಕೊಂಡಿದ್ದ. ಕುಕನೂರಿನಲ್ಲಿ ಚಹಾ ಕುಡಿಯುವಾಗ, ಸತ್ಯ ಎನ್ನುವುದು ಯಾರ ಸಲುವಾಗಿ ಎಂಬಂಥ ಪ್ರಶ್ನೆಯೊಂದು ತಲೆಗೆ ಬಂದು, ಇದು ಗ್ಯಾಸಿನಿಂದ ಇರಬಹುದು ಎಂದು ಅರ್ಧ ಚಹಾ ಬಿಟ್ಟು ಎದ್ದ.

ಹುಲಿಗವ್ವನ ಮನೆ ಯಲಬುರ್ಗಾದ ಹಳೇ ಪೇಟೆಯ ಸಂದಿಯಲ್ಲಿತ್ತು. ಒಂದೇ ಪಡಸಾಲೆ, ಗೋಡೆಯ ಮೇಲೆ ರಾಣಿ, ವಿಧವೆ, ವೇಶ್ಯೆ, ಮತ್ತೆ ರಾಣಿಯ ವೇಷದ ಫೋಟೋಗಳು, ಎದುರಿಗೆ ಹೊರಸು. ಗಾಡಿಯ ಸದ್ದಿಗೆ ಪಕ್ಕದ ಮನೆಯಿಂದ ಅತೀಯಾ ಎಂಬ ಹೆಣ್ಣುಮಗಳು ಬಂದಳು. ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ರವಿವಾರದ ರಜೆ. ಎರಡು ಮನೆಗೂ ನಡುವೆ ಒಂದೇ ಗೋಡೆ. "ಸರ, ಇವು ಹೋದಾಗಿಂದ ನಮ್ಮ ಮನ್ಯಾಗ ಹೊತ್ತು ಹೊಂಟಿದ್ದ ತಿಳಿವಲ್ದು. ದಿನಾ ಅವ್ವನ ಹಾಡು ಆದ ಮ್ಯಾಲ ನಾವು ಏಳೋದು," ಎಂದಳು. "ಏಳೂದು ಎಲ್ಲಿ ಬಂತು? ಬಂದ್ ಮಾಡವ್ವಾ ಅಂತ ಗ್ವಾಡಿ ಬಡೀತಿದ್ಲರಿ ಈಕಿ," ಎಂದಳು ಹುಲಿಗವ್ವ ಸೋಗೆಯ ದನಿಯಲ್ಲಿ. "ಪರೀಕ್ಷಾ ಪೇಪರ್ ತಿದ್ದೂವಾಗ ಒಮ್ಮೆ ಬಡದೀನಿ. ಅದನ್ನ ಊರಿಗೆಲ್ಲಾ ಹೇಳ್ತಿ ನೋಡು." "ಹೇಳಾಕ ದನಿ ಎಲ್ಲೈತವ, ಇದ್ದಿದ್ರ ಹೇಳ್ತಿದ್ದೆ."

ಸ್ಟೂಲುಗಳ ಮೇಲೆ ಪೆಟ್ಟಿಗೆ ಏರಿದವು. ಹುಲಿಗವ್ವ ಸುತ್ತ ಒಂದು ಸುತ್ತು ಬಂದು, ಅಂಗೈಯಿಂದ ಸಾಗವಾನಿಯನ್ನು ಸವರಿ, "ಅಗದೀ ಮದುಮಗನ್ನ ಮಾಡೀರಲ್ಲ," ಎಂದಳು. ಹಿಂದೆ ಬಗ್ಗಿ, "ಕುಂಕುಮ ಯಾಕ ಒರಿಸಿದ್ರಿ?" ಎಂದಳು. ಬಣ್ಣ ಕಾಣಲಿ ಎಂದು, ಎಂದ ಕಾಶಿನಾಥ. ಹಳೆಯ ಆಂಪ್ಲಿಫೈಯರಿನ ತಂತಿಗಳು ಗೋಡೆಯ ಬುಡದಲ್ಲಿ ಕಾಯುತ್ತಿದ್ದವು. ಬಲಗಡೆಯದನ್ನು ಜೋಡಿಸಿ ಎಡಗಡೆಯದರ ಹಿಂದೆ ಮಂಡಿಯೂರಿದ. ಇದೇ ಆ ಕ್ಷಣ ಎಂದು ಅವನಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಎರಡೂ ಕಡೆಯ ವಾದ ಕೇಳಿ ಬೇಸತ್ತ ನ್ಯಾಯಾಧೀಶನ ಹಾಗೆ ಅವನು ಇನ್ನೂ ತೀರ್ಪು ಬರೆಯಬೇಕು ಎನ್ನುವಷ್ಟರಲ್ಲಿ, ಬೆರಳುಗಳು ತಮ್ಮಷ್ಟಕ್ಕೆ ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಬಿಗಿದು ಮುಗಿಸಿದ್ದವು. ಅದು ನಿಷ್ಠೆಯಲ್ಲ, ರೂಢಿ. ಆದರೂ ಎದ್ದು ನಿಂತಾಗ ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. ಹೆಮ್ಮೆಯ ಹಿಂದೆಯೇ, ಇನ್ನು ಅವಳು ಕೇಳಿಸಿಕೊಳ್ಳುತ್ತಾಳೆ ಎಂಬುದು ನೆನಪಾಯಿತು.

ಹುಲಿಗವ್ವ ಸೆರಗು ಸರಿಮಾಡಿಕೊಂಡು ಹೊರಸಿನ ಮೇಲೆ ಕೂತಳು, ಫೋಟೋ ತೆಗೆಯುವವನ ಎದುರು ಕೂರುವಂತೆ. ಕ್ಯಾಸೆಟ್ ತಿರುಗಿತು. ಮೊದಲ ಸ್ವರ ಬಂದದ್ದೇ ಅವಳ ಕೈ ಎದೆಗೆ ಹೋಯಿತು. "ಅಯ್ಯಯ್ಯ! ಪಂಪಾಪತಿ!" "ಯಾರವ್ವಾ?" ಎಂದಳು ಅತೀಯಾ. "ಪೇಟಿ ಮಾಸ್ತರ, ಹಾರ್ಮೋನಿಯಂ ಬಾರಿಸಾಂವ. ಬಾಯ್ತುಂಬ ಎಲಿ, ಕೈತುಂಬ ಪೇಟಿ. ಹೋಗಿ ಎಷ್ಟೋ ವರ್ಷ ಆತು. ಇದರಾಗ ಅದಾನಂತ ನನಗ ಗೊತ್ತs ಇದ್ದಿಲ್ಲ!" ಅವಳ ಕಾಲಿನ ಹೆಬ್ಬೆರಳು ನೆಲದ ಮೇಲೆ ತಾಳ ಹಾಕತೊಡಗಿತು. ಮುಖ ಹಿಗ್ಗಿ ಗೋಡೆಯ ಮೇಲಿನ ರಾಣಿಗೆ ತುಸು ಹತ್ತಿರವಾಯಿತು. ಕಾಶಿನಾಥ ಫ್ಯಾನು ನೋಡುತ್ತಿದ್ದ. ಬಾರದವನ. ದಾರಿ. ಕಾಯ್ದು. ದೀಪ. ಫ್ಯಾನಿನ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಮಾತ್ರ ಬಣ್ಣ ಬಳಿದಿರಲಿಲ್ಲ. ಕೆಳಗೆ ನೋಡಿದಾಗ ಹೆಬ್ಬೆರಳು ನಿಂತಿತ್ತು.

"ಹಿಂದಕ್ಕ ತಿರುಗಸ್ರಿ," ಎಂದಳು. ತಿರುಗಿಸಿದ. ಮತ್ತೆ ಅದೇ. "ಇನ್ನೊಮ್ಮೆ." ಮೂರನೆಯ ಸಲ ಅವಳು ಕಣ್ಣು ಮುಚ್ಚಿ ಕೇಳಿದಳು. ಶೆಡ್ಡಿನಲ್ಲಿ ತಾನು ಕೂತು ಕೇಳುತ್ತಿದ್ದುದೂ ಹೀಗೆಯೇ, ಕತ್ತು ಇಷ್ಟೇ ವಾರೆ ಮಾಡಿ, ಎಂಬುದು ಹೊಳೆದು ಕಾಶಿನಾಥನಿಗೆ ಮೈಮೇಲೆ ಹಲ್ಲಿ ಬಿದ್ದಂತಾಯಿತು. "ಅತೀಯಾ, ನಿನಗೇನರ ಕೇಳಿತೇನವ?" "ಎಷ್ಟು ಸ್ಪಷ್ಟ ಕೇಳಾಕತ್ತೈತಿ ಅವ್ವಾ! ಮೊದಲ ನಮ್ಮ ಗ್ವಾಡ್ಯಾಗ ಬರೇ ಗುಂಯ್ ಅಂತಿತ್ತು." "ನಿನ್ನ ಕೇಳಿದ್ದs ತಪ್ಪಾತು ಬಿಡು," ಎಂದು ಹುಲಿಗವ್ವ ಇವನ ಕಡೆ ತಿರುಗಿದಳು. "ಮಾಸ್ತರ, ನೀವು ತಿಳದವರು. ಖರೇ ಹೇಳ್ರಿ. ಅಲ್ಲಿ ಆಕಿ ಸ್ವರ ಬಿಟ್ಟಾಳ?"

ಆಕಿ ಎಂದಳು. ನಾನು ಎನ್ನಲಿಲ್ಲ. ಇಂಥ ಪ್ರಶ್ನೆಗೆ ಕಾಶಿನಾಥ ಹುಟ್ಟಿದಾಗಿನಿಂದ ತಯಾರಾಗಿದ್ದ. ಹೌದು, ಷಡ್ಜಕ್ಕೆ ಇಷ್ಟು ಕಡಿಮೆ ಎಂದು ಬೆರಳ ಸಂದಿಯಲ್ಲಿ ತೋರಿಸಿ ಹೇಳಿದ್ದರೆ ಅದು ಅವನು ಬಾಳಿದ ರೀತಿಗೆ ಸರಿಹೋಗುತ್ತಿತ್ತು. ಆದರೆ ಫ್ಯಾನಿನ ಕಡೆ ನೋಡುತ್ತ ಬಾಯಿ ತೆರೆದಾಗ ಬಂದದ್ದು ಬೇರೆ. "ಏ, ಇಲ್ರಿ. ಅದು ಪೆಟ್ಟಿಗಿ ತಪ್ಪು. ನನ್ನ ತಪ್ಪು ಅನ್ರಿ. ಎಡಗಡಿದು ಉಲ್ಟಾ ಜೋಡ್ಸೀನಿ. ಅದಕ್ಕ ದನಿ ಇಳದಂಗ ಕೇಳತೈತಿ." ಉಲ್ಟಾ ಜೋಡಿಸಿದರೆ ಸ್ವರ ಇಳಿಯುವುದಿಲ್ಲ ಎಂದು ಹತ್ತನೆಯ ಇಯತ್ತೆಯ ಹುಡುಗನಿಗೂ ಗೊತ್ತು, ಗಣಿತದ ಅತೀಯಾ ಹುಬ್ಬೇರಿಸಿದ್ದು ಕಾಣಿಸಿತು. ಅವನು ಅವಸರದಿಂದ ಪೆಟ್ಟಿಗೆಯ ಹಿಂದೆ ತೂರಿಕೊಂಡ. ಮಂಡಿಯಡಿ ಒಂದು ಕಡಲೆಕಾಳು ಚುಚ್ಚುತ್ತಿತ್ತು. ತಿರುಪು ಸಡಿಲಿಸಿ ಸರಿಯಿದ್ದುದನ್ನು ತಪ್ಪು ಮಾಡುವಾಗ ಪರರ ಮಾವಿನ ಗಿಡಕ್ಕೆ ಕಲ್ಲೆಸೆದ ಹುಡುಗನ ಹಾಗೆ ಮನಸ್ಸು ಹಗುರಾಯಿತು. ಇಲ್ಲಿ ಬಗ್ಗಿ ಕೂತಿರುವುದನ್ನು ಭವಾನಿ ನೋಡಬೇಕಿತ್ತು ಎನ್ನಿಸಿತು. ನೋಡಿದ್ದರೆ ಏನೆನ್ನುತ್ತಿದ್ದಳೋ ಎಂದೂ ಅನ್ನಿಸಿ, ನೋಡದಿದ್ದದ್ದೇ ಒಳ್ಳೆಯದು ಎಂದುಕೊಂಡ.

ಹಾಡು ಮತ್ತೆ ಹೊರಟಿತು. ದನಿ ಪೆಟ್ಟಿಗೆಗಳನ್ನು ಬಿಟ್ಟೆದ್ದು ಗೋಡೆ, ಫೋಟೋ, ಸೂರು ಎಲ್ಲಕ್ಕೂ ಹತ್ತಿಕೊಂಡಿತು. "ಹಾಂ! ಇದು ನಮ್ಮ ಅವ್ವನ ಹಾಡು," ಎಂದಳು ಅತೀಯಾ. 'ದೀಪ' ಬಂದು ಹೋಯಿತು. ಎಲ್ಲಿಯೂ ಏನೂ ಇಳಿಯಲಿಲ್ಲ. ಇಳಿಯಲು ಕೆಳಗೆ ನೆಲವೇ ಇರಲಿಲ್ಲ. ಗೆದ್ದೆ ಎಂದುಕೊಂಡು ಕಾಶಿನಾಥ ಮುಖ ಒರೆಸಿಕೊಂಡ. ಹುಲಿಗವ್ವ ಬಾಗಿಲ ಕಡೆ ನೋಡುತ್ತಿದ್ದಳು, ಈಗಷ್ಟೇ ಯಾರೋ ಎದ್ದು ಹೋದ ಹಾಗೆ.

"ಪಂಪಾಪತಿ ಎಲ್ಲಿ ಹ್ವಾದ?"

"ಯಾರ್ರೀ?" ಎಂದ, ಗೊತ್ತಿದ್ದೂ.

"ಪೇಟಿ. ಈಗ ಇಲ್ಲೇ ಇದ್ದ. ನೀವು ಹಿಂದ ಹೋಗಿ ಏನೋ ಕೈಯಾಡಿಸಿದ್ರಿ, ಅವ ಹ್ವಾದ."

"ಅದು… ಹಿಂಗ ಜೋಡ್ಸಿದ್ರ ಪೇಟಿ ಅಷ್ಟು ಕೇಳಂಗಿಲ್ರಿ."

"ಅಂದ್ರ ಅವ ಇದ್ರ ನಾ ತಪ್ಪತೀನಿ, ಅವ ಇಲ್ಲಾಂದ್ರ ನಾ ತಪ್ಪಂಗಿಲ್ಲ. ಹಂಗೇನು?"

ಅವಳು ಕ್ಯಾಸೆಟ್ಟನ್ನು ತಾನೇ ನಿಲ್ಲಿಸಿದಳು. "ಮಾಸ್ತರ, ನಿಮಗ ಪಾರ್ಟು ಬರಂಗಿಲ್ಲ ನೋಡ್ರಿ. ಸುಳ್ಳು ಹೇಳೋರು ಎದುರಿನವರ ಮಾರಿ ನೋಡಬೇಕು. ನೀವು ಫ್ಯಾನ್ ನೋಡಿದ್ರಿ. ನಮ್ಮ ಕಂಪನ್ಯಾಗ ಬಂದಿದ್ರ ನಿಮಗ ಪರದೆ ಎಳೆಯೋ ಕೆಲಸನೂ ಕೊಡತಿದ್ದಿಲ್ಲ." ಅತೀಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಶಿನಾಥನ ಕಿವಿಗಳು ಬಿಸಿಯಾದವು. ಊರೆಲ್ಲ ಹೆಸರಾದ ಕಿವಿಗಳು. ಶರಣಕುಮಾರನ ನಗು, ಚಿಟಿಕೆ, ಚುರುಮರಿಯ ತಟ್ಟೆ ಎಲ್ಲ ಹೇಳಿಬಿಡಬೇಕು ಎಂದು ಗಂಟಲವರೆಗೆ ಬಂತು. ಹೇಳಿದರೆ ಹಗುರಾಗುವುದು ತನಗೆ, ಹೊರೆ ಅವಳಿಗೆ ಎಂದು ತಿಳಿದು, ನುಂಗಿದ. ನುಂಗಿದ್ದರಲ್ಲಿ ಕರುಣೆ ಎಷ್ಟು, ಅಂಜಿಕೆ ಎಷ್ಟು ಎಂದು ಬೇರ್ಪಡಿಸಲು ಹೋಗಲಿಲ್ಲ.

ಹುಲಿಗವ್ವ ಗೋಡೆಯ ಕಡೆ ನೋಡುತ್ತ ಹೇಳಿದಳು, ಅವನಿಗಲ್ಲ, ಅತೀಯಾಳಿಗೂ ಅಲ್ಲ. "ಆ ಜಾಗದಾಗ ಅವ ಪೇಟಿ ಜೋರು ಒತ್ತತಿದ್ದ. ದಿನಾ. ನನ್ನ ದನಿ ಮುಚ್ಚಾಕ ಹಂಗ ಮಾಡತಾನಂತ ನಾ ಮಾಲಕರ ಮುಂದ ಕುಂತು ಅತ್ತೀನಿ. ಅವ ಎಲಿ ಅಗಕೋಂತ ಸುಮ್ನ ನಿಂತಿದ್ದ. ಒಂದು ಮಾತು ಆಡಲಿಲ್ಲ ಮುದುಕ. ಮುದುಕ ಏನು, ಆಗ ನಿಮಗಿಂತ ಸಣ್ಣಾಂವ." ಅವಳು ಎದ್ದು ಬಂದು ಎಡಗಡೆಯ ಪೆಟ್ಟಿಗೆಯ ನೆತ್ತಿಯ ಮೇಲೆ ಕೈಯಿಟ್ಟಳು. "ಅವನ್ನ ಕರೀರಿ."

"ಕರದ್ರ ಅದೂ ಬರತೈತ್ರಿ," ಎಂದ ಕಾಶಿನಾಥ. ಆ ದಿನ ಅವನು ಆಡಿದ ಮೊದಲ ನೆಟ್ಟಗಿನ ಮಾತು ಅದು.

"ಬರಲಿ. ಒಮ್ಮೆ ಕೇಳೀನಲ್ಲ. ಇನ್ನ ನೀವು ಹೆಂಗ ಜೋಡ್ಸಿದ್ರೂ ನನಗ ಕೇಳೂದ."

ಮತ್ತೆ ಮಂಡಿಯೂರಿದ. ಕಡಲೆಕಾಳನ್ನು ಬೆರಳಿನಿಂದ ಸರಿಸಿ, ಕೆಂಪನ್ನು ಕೆಂಪಿಗೆ ಬಿಗಿದ. ಈ ಸಲ ಬೆರಳುಗಳಿಗೆ ಹೇಳಬೇಕಾಯಿತು. ಹೊರಗೆ ಓಬಳೆಪ್ಪ ಹಾರ್ನ್ ಹಾಕಿದ. ವಾಪಸು ಹೋಗುವಾಗ ಯಾರದೋ ಕಡಲೆಯ ಚೀಲ ಹೇರಿಕೊಳ್ಳುವುದಿತ್ತು. ಕ್ಯಾಸೆಟ್ ತಿರುಗಿತು. ಹೆಣ್ಣುಮಗಳು ಬಂದು ನಡುವೆ ನಿಂತಳು, ಪಂಪಾಪತಿ ಬಂದು ಕೂತ. ಹುಲಿಗವ್ವ ಹೊರಸಿಗೆ ಹೋಗದೆ ಅಲ್ಲೇ ಪೆಟ್ಟಿಗೆ ಹಿಡಿದು ನಿಂತಿದ್ದಳು. 'ದೀಪ' ಬಂತು. ದನಿ ಇಳಿಯಿತು. "ನೋಡ್ರಿ," ಎಂದಳು ಮೆಲ್ಲಗೆ, "ಒತ್ತಿ ಹಿಡದಾನ. ಇಲ್ಲೇ ಅದೀನಿ, ಬಾ ಅಂತ." ಕಾಶಿನಾಥನ ಕೈ ತಾನಾಗಿಯೇ ಗುಂಡಿಯ ಕಡೆ ಹೋಯಿತು; ಶೆಡ್ಡಿನಲ್ಲಿ ಈ ಜಾಗ ಬಂದೊಡನೆ ನಿಲ್ಲಿಸಿಬಿಡುವುದು, ಅಳತೆ ಸಿಕ್ಕ ಮೇಲೆ ಉಳಿದ ಹಾಡಿನ ಕೆಲಸವಿರಲಿಲ್ಲ. ಹುಲಿಗವ್ವ ಅವನ ಮಣಿಕಟ್ಟಿನ ಮೇಲೆ ಚಟ್ಟನೆ ಹೊಡೆದಳು. ಹಾಡು ಮುಂದೆ ಹೋಯಿತು. ಹಾರ್ಮೋನಿಯಂ ಆ ಸ್ವರವನ್ನು ಹಿಡಿದುಕೊಂಡೇ ಇತ್ತು, ತಾಳಕ್ಕೆ ತುಸು ತಡವಾದರೂ ಬಿಡದೆ. ಹುಡುಗಿಯ ದನಿ ಒಂದು ಉಸಿರು ಎಳೆದುಕೊಂಡು, ಕತ್ತಲಲ್ಲಿ ಕಾಲಿನಿಂದ ಮೆಟ್ಟಿಲು ತಡವಿದವರಂತೆ ತಡವಿ, ಮೇಲಕ್ಕೆ ಬಂತು. 'ಸಣ್ಣಾಯಿತು' ಎಂಬ ಮಾತಿಗೆ ಎರಡೂ ಒಂದೇ ಕಡೆ ಇದ್ದವು. ಕೋಣೆಯ ಗಾಳಿ ಸಮವಾಯಿತು. ಇದು ಇತ್ತು ಎಂದು ಅವನಿಗೆ ಗೊತ್ತಿರಲಿಲ್ಲ. ಎಷ್ಟು ಸಲ ಕೇಳಿದ್ದನೋ, ಅಷ್ಟೂ ಸಲ ಇದು ಅವನ ಬೆರಳ ಆಚೆ ಬದಿಗೆ ಕಾಯುತ್ತಿತ್ತು.

"ಇನ್ನೂ ಸಣ್ಣಾಕಿ," ಎಂದಳು ಹುಲಿಗವ್ವ, ಹಾಡುತ್ತಿದ್ದವಳ ಬಗ್ಗೆ. "ಕಲೀತಾಳ."

ಓಬಳೆಪ್ಪನ ಹಾರ್ನ್ ಎರಡನೆಯ ಸಲ ಉದ್ದಕ್ಕೆ ಕೇಳಿಸಿತು. ಕಾಶಿನಾಥ ಏಳಲೆಂದು ನೆಲಕ್ಕೆ ಕೈಯೂರಿದ.

"ಕುಂಡ್ರ್ರಿ, ಅಂವ ಕಾಯಲಿ," ಎಂದಳು ಅವಳು, ತಿರುಗಿ ನೋಡದೆ. "ಇನ್ನೂ ಒಂದು ಅಂಕ ಐತಿ. ನಾಟಕ ನಡದಾಗ ನಡುವ ಎದ್ದು ಹೋಗೋ ಮಂದಿ ನನಗ ಸೇರಂಗಿಲ್ಲ."

ಅವನು ಪೆಟ್ಟಿಗೆಯ ಹಿಂದೆ, ಇದ್ದಲ್ಲೇ, ಕೂತ.